ಲಾಭ, ಎರಡು, ಮೂರು

ಹತ್ತಿ ಮಿಲ್ಲು ಒಡೆದ ಜಾಗದಾಗೆ
ಕಾಟನ್ ಕ್ರೌನ್ ಎದ್ದು ಎರಡು ವರ್ಷ ಆತು.
ಮುಂಚೆ ಚಿಮಣಿ ತೋರಿಸಿ ದಾರಿ ಹೇಳ್ತಿದ್ವಿ,
ಈಗ ಇದನ್ನ ತೋರಿಸಿ.
ಮಧ್ಯಾಹ್ನ ಮೂರರ ಮ್ಯಾಲೆ ಇದರ ನೆರಳು
ರಸ್ತೆ ದಾಟಿ, ಚರಂಡಿ ದಾಟಿ
ನಮ್ಮ ಭಟ್ಟಿ ಮುಂದೆ ಹರವಿದ ಭತ್ತದ ಮ್ಯಾಲೆ ಮಲಗ್ತೈತಿ.
ಬಿಸಿಲಿಗೆ ಬಾಡಿಗೆ ಕೇಳಿಲ್ಲ ಇನ್ನೂ, ಅಷ್ಟೇ ಪುಣ್ಯ.

ಇವತ್ತು ಹದಿನಾಲ್ಕನೇ ಮಹಡಿಗೆ ಎರಡು ಮೂಟೆ ಮಂಡಕ್ಕಿ.
ಸುಕನ್ಯಾ ಮೇಡಂ ಮೊಮ್ಮಗಳ ಹುಟ್ಟುಹಬ್ಬ,
ಹುಬ್ಬಳ್ಳಿಯಿಂದ ಬರೋ ನೆಂಟರಿಗೆ
ನಮ್ಮೂರ ನರ್ಗಿಸ್ ಮಂಡಕ್ಕಿನೇ ಆಗಬೇಕಂತೆ.
ಗೇಟಿನಾಗೆ ಓಬಳೇಶ, ನಮ್ಮ ಓಣಿ ಹುಡುಗ,
ಪುಸ್ತಕದಾಗೆ ಹೆಸರು ಬರಿ ಅಂದ.
ನನ್ನ ಹೆಸರು ನಿನಗೆ ಗೊತ್ತಿಲ್ವೇನೋ?
ನನಗೆ ಗೊತ್ತು ಹಾಲಮ್ಮಕ್ಕ, ಪುಸ್ತಕಕ್ಕೆ ಗೊತ್ತಿಲ್ಲ.

ಮಂದಿ ಲಿಫ್ಟು ಬೇರೆ, ಸಾಮಾನಿನ ಲಿಫ್ಟು ಬೇರೆ.
ಮೂಟೆ ಜೊತಿಗೆ ನಾನೂ ಸಾಮಾನೇ ಆದೆ.
ಕೆಂಪು ಅಂಕಿ ಏರ್ತಿತ್ತು,
ಅಳೆದು ಅಳೆದು ರೂಢಿಯಾದ ಬಾಯಿ ತಾನೇ ಎಣಿಸ್ತು:
ಲಾಭ, ಎರಡು, ಮೂರು...
ಹನ್ನೆರಡಾದ ಮ್ಯಾಲೆ ಹದಿನಾಲ್ಕು!
ಹದಿಮೂರು ಅಪಶಕುನ ಅಂತ ಬಿಟ್ಟಾರಂತೆ.
ಸಾವಿರ ಲೋಡು ಸಿಮೆಂಟು ಸುರಿದವರಿಗೂ
ಒಂದು ಅಂಕಿ ಭಯ.
ಇರಲಿ, ನಾವೂ ಒಂದಕ್ಕೆ ಒಂದು ಅನ್ನಲ್ಲವಲ್ಲ.

ಮೇಡಂ ಒಳ್ಳೇರು. ಗಾಜಿನ ಲೋಟದಾಗೆ ನೀರು ಕೊಟ್ರು.
ಆಮೇಲೆ ಕಿಟಕಿಯ ಬಿಳಿ ಪರದೆ ಎಳೆದು ತೋರಿಸಿದ್ರು,
ನಿಮ್ಮ ಭಟ್ಟಿ ಮಸಿ ನೋಡ್ರಿ, ವಾರಕ್ಕೊಮ್ಮೆ ಒಗಿಸ್ತೀನಿ.
ನಾನು ಮಸಿ ನೋಡಲಿಲ್ಲ.
ಪರದೆ ಸರಿದಿತ್ತು.

ನಲವತ್ತು ವರ್ಷ ಆ ಸೂರಿನ ಕೆಳಗೆ ಮರಳು ಕಾಸೀನಿ,
ಅದರ ಬೆನ್ನು ನೋಡಿದ್ದಿಲ್ಲ.
ತುಕ್ಕು ತಗಡು, ಗಾಳಿಗೆ ಹಾರದಂಗೆ ಹೇರಿದ ಕಲ್ಲು,
ಸೈಕಲ್ ಟೈರು, ಒಂಟಿ ಚಪ್ಪಲಿ,
ಹೊಗೆಗೂಡಿನ ಬುಡದಾಗೆ ಏನೋ ಹೊಳೀತಿತ್ತು.
ಅದಾ? ಅಂದ್ರು ಮೇಡಂ,
ದಿನಾ ಬೆಳಿಗ್ಗೆ ಕಣ್ಣಿಗೆ ಚುಚ್ಚುತ್ತೆ. ಯಾವುದೋ ಡಬ್ಬ.

ಡಬ್ಬ ಅಲ್ಲ.
ಸ್ಟೀಲಿನ ಸೇರು.
ಅದರ ಮ್ಯಾಲೆ ಚುಕ್ಕಿ ಚುಕ್ಕಿ ಕೊರೆಸಿದ ಅತ್ತೆ ಹೆಸರು
ಇಷ್ಟು ಎತ್ತರದಿಂದ ಕಾಣಲ್ಲ,
ಆದ್ರೂ ಓದಿದೆ.

ಅದು ಕಾಣೆಯಾದ ದಿನ, ಹನ್ನೊಂದು ವರ್ಷ ಆತು,
ಕೆಂಚವ್ವನ ಮಡಿಲು ಬಿಚ್ಚಿಸಿದ್ದೆ
ನಾಲ್ಕು ಮಂದಿ ಎದುರಿಗೆ.
ದುಗ್ಗಮ್ಮನ ಆಣೆ ಅಂದ್ಲು.
ಆಣೆಯಿಂದ ಮಂಡಕ್ಕಿ ಅಳೆಯಾಕೆ ಬರ್ತೈತೇನು ಅಂದೆ.
ಆ ವಾರದ ಕೂಲಿ ಹಿಡಿದೆ, ಸೇರಿನ ಲೆಕ್ಕಕ್ಕೆ.
ಜರಡಿ ಕೆಳಗಿಟ್ಟು, ಸೆರಗು ಕೊಡವಿ ಹೋದಳು.
ಸೆರಗಿನಿಂದ ಒಂದೇ ಒಂದು ಮಂಡಕ್ಕಿ ಉದುರಿತ್ತು.

ಕೋತಿ ಒಯ್ದಿತ್ತೋ,
ಅಪ್ಪನ ಮ್ಯಾಲಿನ ಸಿಟ್ಟಿಗೆ ನನ್ನ ಮಗನೇ ಎಸೆದಿದ್ನೋ.

ಮೇಡಂ ಕೊಟ್ಟ ದುಡ್ಡಿನಾಗೆ ನೂರರ ನೋಟು ಒಂದು ಹೆಚ್ಚಿತ್ತು.
ವಾಪಸ್ ಕೊಟ್ಟೆ.
ನಿಮ್ಮಂಥ ಪ್ರಾಮಾಣಿಕರು ಈಗ ಎಲ್ಲಿ ಸಿಗ್ತಾರೆ ಅಂದ್ರು.
ಇಳಿಯೋವಾಗ ಎಣಿಸಲಿಲ್ಲ.

ಬಣ್ಣದವರು ಬಿಟ್ಟುಹೋದ ಬಿದಿರೇಣಿ
ಓಬಳೇಶನ ಹತ್ರ ಇತ್ತು.
ಯಾಕಕ್ಕ, ಸೂರು ಸೋರ್ತೈತಾ?
ಹೂಂ ಅಂದೆ.

ಏಣಿ ಗೋಡೆಗೆ ಆನಿಸಿ ಸಂಜೆ ಆತು.
ಕೆಳಗಿಂದ ಕಾಣೋದು ತಗಡಿನ ಅಂಚು ಅಷ್ಟೇ.
ಕೆಂಚವ್ವ ಈಗ ಕುಂದವಾಡದ ಕಡೆ
ಮಗಳ ಮನೆಯಾಗೆ ಐದಾಳಂತೆ.
ಸೇರು ತುಂಬ ಏನು ಒಯ್ಯಲಿ ಆಕೆಗೆ?
ಹನ್ನೊಂದು ವರ್ಷಕ್ಕೆ ಎಷ್ಟು ಸೇರು?
ಬಾಗಿಲಾಗೆ ನಿಂತು ಎಲ್ಲಿಂದ ಎಣಿಸಲಿ,
ಒಂದು ಅನ್ನಲೋ,
ಲಾಭ ಅನ್ನಲೋ.

ಹದಿನಾಲ್ಕನೇ ಮಹಡಿಯಾಗೆ ದೀಪ ಹತ್ತಿದವು.
ಯಾರೋ ಕಿಟಕಿಗೆ ಬಂದು ಪರದೆ ಎಳೆದ್ರು.
ಮೊದಲ ಮೆಟ್ಟಿಲ ಮ್ಯಾಲೆ
ಒಂದು ಕಾಲು ಇಟ್ಟೀನಿ.